ಬಾಯಿ ಬಿಡದ ರವಿವಾರಗಳು

ನನ್ನ ನಾದಿನಿ ಹೇಮಾಂಗಿಗೆ ಐವತ್ತು ದಾಟಿದ ಮೇಲೆ ಮದುವೆಯ ಮನಸ್ಸಾಯಿತು. ಮನಸ್ಸಾದದ್ದೇ ದೊಡ್ಡದು, ಅದಕ್ಕೊಂದು ಷರತ್ತು ಬೇರೆ. ಹುಡುಗ, ಅಂದರೆ ಆ ವಯಸ್ಸಿನಲ್ಲಿ ಹುಡುಗ ಎನ್ನಬಹುದಾದ ಗೃಹಸ್ಥ, ಅವಳ ಜೊತೆ ಕೆಲವು ರವಿವಾರ ಊರಿನ ಹಳೆಯ ಜಾಗಗಳಿಗೆ ತಿರುಗಾಡಲು ಬರಬೇಕು. ವಾಡೆಯಾಗಲಿ, ಗುಡಿಯಾಗಲಿ, ಹಗಲಾಗಲಿ, ಸಂಜೆಯಾಗಲಿ. ಆದರೆ ಅಲ್ಲಿ ನಿಂತು ಇತಿಹಾಸ ಹೇಳಬಾರದು. ಒಂದೇ ಒಂದು ಇಸವಿ ಬಾಯಿಂದ ಬಿದ್ದರೂ ಮಾತುಕತೆ ಅಲ್ಲಿಗೇ ಮುಗಿಯಿತು.

ಬೇರೆ ಊರಿನವರಿಗೆ ಇದೇನು ಮಹಾ ಅನಿಸಬಹುದು. ಆದರೆ ಇದು ಪುಣೆ. ಇಲ್ಲಿ ಹಾಲು ಹಾಕಲು ಬಂದವನೂ ಹಿಂದೆ ಊರಾಳಿದ ಪೇಶವೆಯರ ಬಗ್ಗೆ ಎರಡು ಮಾತು ಹೇಳಿಯೇ ಮೆಟ್ಟಿಲಿಳಿಯುತ್ತಾನೆ. ಸದಾಶಿವ ಪೇಠೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ದಾರಿ ಕೇಳಿದರೆ "ಗೊತ್ತಿಲ್ಲ" ಎಂದವರನ್ನು ಒಬ್ಬರನ್ನೂ ಕಂಡಿಲ್ಲ. ಗೊತ್ತಿಲ್ಲದಿದ್ದರೆ ತಪ್ಪು ದಾರಿ ತೋರಿಸುತ್ತಾರೆಯೇ ಹೊರತು ಆ ಮಾತು ಆಡುವುದಿಲ್ಲ. ಇಂಥ ಊರಿನಲ್ಲಿ ಬಾಯಿ ಮುಚ್ಚಿಕೊಂಡು ಪೇಶವೆಯರ ಅರಮನೆ ಶನಿವಾರವಾಡೆ ನೋಡುವ ಗಂಡಸನ್ನು ಹುಡುಕಿ ತರುವ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ಬಂದವರು ಬ್ಯಾಂಕಿನಿಂದ ನಿವೃತ್ತರಾದವರು. ಷರತ್ತಿಗೆಲ್ಲ ಹೂಂ ಅಂದಿದ್ದರು. ಶನಿವಾರವಾಡೆಯ ಟಿಕೆಟ್ಟು ತೆಗೆಯುವ ಕಿಟಕಿಯ ಮುಂದೆಯೇ, "ಮೊದಲ ಇಲ್ಲಿ ಏನಿತ್ತಂದ್ರ..." ಎಂದು ಶುರುಮಾಡಿದರು. ಹೇಮಾಂಗಿ ಟಿಕೆಟ್ಟೂ ಕೊಳ್ಳದೆ ತಿರುಗಿ ಮನೆಗೆ ಬಂದಳು. ಎರಡನೆಯವರು ಬಾಯಿ ಬಿಡಲಿಲ್ಲ ನಿಜ, ಆದರೆ ಕೊಡೆಯ ತುದಿಯಿಂದ ಮಣ್ಣಿನಲ್ಲಿ ಪಾಣಿಪತದ ಯುದ್ಧದ ನಕಾಶೆ ಬರೆದರು.

"ಬರೀಬಾರದು ಅಂತ ನೀವು ಹೇಳಿದ್ದಿಲ್ಲಲ್ಲ?" ಎಂದು ಮನೆಗೆ ಬಂದು ನನ್ನ ಮುಂದೆ ವಾದಕ್ಕೂ ನಿಂತರು. ನನಗೆ ಸಿಟ್ಟು ಬೇಗ. ಆ ಕೊಡೆಯನ್ನು ಅಲ್ಲೇ ಮುರಿಯಬೇಕು ಅನಿಸಿತ್ತು.

ಹೇಮಾಂಗಿಯದು ಹಠವೆಂದು ಬಂಧುಗಳೆಲ್ಲ ಆಡಿಕೊಂಡರು. ಅವಳ ಹೊಟ್ಟೆಯೊಳಗಿನದು ನನಗೆ ಗೊತ್ತಿತ್ತು. ನಮ್ಮ ಮಾವ ಇತಿಹಾಸದ ಮಾಸ್ತರರು. ಪ್ರತಿ ರವಿವಾರ ಮಕ್ಕಳಿಬ್ಬರನ್ನೂ ಹೊರಡಿಸಿ, ವಾಡೆ ಗುಡಿಗಳ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಮನೆಗೆ ಬಂದ ಮೇಲೆ ಪ್ರಶ್ನೆ. ಅಣ್ಣ, ಅಂದರೆ ನನ್ನ ಗಂಡ, ಪಟಪಟ ಹೇಳುತ್ತಿದ್ದರು. ಇವಳು ತಡವರಿಸಿದರೆ ಅರ್ಧ ಮಾತಿಗೇ ತಡೆದು, "ತಪ್ಪು! ಕೂಡು" ಅನ್ನುತ್ತಿದ್ದರಂತೆ. ಅಂದಿನಿಂದ ಅವಳು ನಾಲ್ಕು ಜನರ ಮುಂದೆ ಒಂದು ವಿಷಯವನ್ನು ಪೂರ್ತಿ ಹೇಳಿದ್ದನ್ನು ನಾನು ನೋಡಿಲ್ಲ. ಕಣ್ಣಿನ ದವಾಖಾನೆಯಲ್ಲಿ ದಿನವೆಲ್ಲ ಬೇರೆಯವರಿಂದ ಅಕ್ಷರ ಓದಿಸುತ್ತಾಳೆ, ಮನೆಗೆ ಬಂದರೆ ಅಣ್ಣನ ಭಾಷಣ ಕೇಳುತ್ತಾಳೆ.

"ಶನಿವಾರವಾಡೆಗೆ ಎಷ್ಟ ಸಲ ಹೋಗೀನೋ ಲೆಕ್ಕಿಲ್ಲ ವಹಿನಿ," ಅಂದಿದ್ದಳು ಒಮ್ಮೆ, ಅತ್ತಿಗೆಯಾದ ನನ್ನ ಮುಂದೆ. "ಆದ್ರ ಒಮ್ಮೆನೂ ನೋಡಿಲ್ಲ. ಸಂಜಿಕ ಏನ್ ಕೇಳ್ತಾರೋ ಅಂತ ಹೆದರಿಕಿ. ಕಣ್ಣೆಲ್ಲಾ ಅಪ್ಪನ ಬಾಯಿ ಮ್ಯಾಲೆನ ಇರ್ತಿತ್ತು."

ಮೂರನೆಯವರೇ ಮುಕುಂದ ಕೇತಕರ. ಹೆಂಡತಿ ತೀರಿ ಕೆಲವು ವರ್ಷಗಳಾಗಿದ್ದವು. ಊರಿನ ನೀರು ಸರಬರಾಜಿನಲ್ಲಿ ಇಂಜಿನಿಯರ್ ಆಗಿದ್ದವರು. ಅವರಿಗೆ ಹೇಮಾಂಗಿಯ ಷರತ್ತು ತಿಳಿಸಿದಾಗ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ, "ಪ್ರಯತ್ನ ಮಾಡ್ತೀನ್ರಿ," ಅಂದರು. ಮಾಡೇ ಮಾಡುತ್ತೇನೆ ಅನ್ನಲಿಲ್ಲ, ಅದು ನನಗೆ ಹಿಡಿಸಿತು.

ಹೇಮಾಂಗಿ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. "ಇದ ಕಡೀದು, ವಹಿನಿ. ಇವರೂ ಶುರು ಹಚ್ಚಿಕೊಂಡ್ರ ನಾ ಮತ್ತ ಯಾರನ್ನೂ ನೋಡಾಂಗಿಲ್ಲ. ನೀವೂ ಹುಡುಕಬ್ಯಾಡ್ರಿ."

ಪೇಠೆಯ ಕಣ್ಣುಗಳಿಗೆ ಅಂಜಿ ಅವಳು ನನ್ನನ್ನೂ ಜೊತೆಗೆ ಎಳೆದುಕೊಂಡು ಹೊರಟಳು. ನಾನೇನು ಬೇಡ ಅನ್ನಲಿಲ್ಲ. ಕುತೂಹಲವೂ ಇತ್ತು, ಶನಿವಾರವಾಡೆಯ ಎದುರಿಗಿನ ಭೇಳಪುರಿಯೂ ಇತ್ತು.

ಶನಿವಾರವಾಡೆಯ ಹೆಬ್ಬಾಗಿಲಾದ ದಿಲ್ಲಿ ದರವಾಜೆಯ ಮುಂದೆ ಹೇಮಾಂಗಿ ಕತ್ತೆತ್ತಿ ನಿಂತವಳು ಕದಲಲೇ ಇಲ್ಲ. ಆನೆ ಹಾಯದಂತೆ ಬಾಗಿಲಿಗೆ ಬಡಿದ ಚೂಪು ಮೊಳೆಗಳ ನಡುವೆ ಪಾರಿವಾಳವೊಂದು ಆರಾಮಾಗಿ ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು.

"ಚುಚ್ಚಂಗಿಲ್ಲೇನು ಅದಕ್ಕ?" ಅಂದಳು.

ಮುಕುಂದರಾಯರು ಬಾಯಿ ತೆರೆದರು.

"ರೂಢಿ ಆಗಿರ್ಬೇಕು," ಅಂದು ಮುಚ್ಚಿದರು.

ಒಳಗಿನ ಕಾರಂಜಿಯ ಹತ್ತಿರವಂತೂ ಅವರ ಅವಸ್ಥೆ ನೋಡಲಾಗುತ್ತಿರಲಿಲ್ಲ. ಕಮಲದ ಆಕಾರದ ಹಳೇ ಕಾರಂಜಿ. ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು, ಯಾವ ಕಾಲುವೆಯಲ್ಲಿ ಹರಿಯುತ್ತಿತ್ತು ಎಂಬುದು ಈ ಮನುಷ್ಯನ ಜನ್ಮದ ವಿಷಯ. ಕಿವಿ ಕೆಂಪಾದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಂಜಿಗೆ ಪ್ರದಕ್ಷಿಣೆ ಹಾಕಿದರು, ಮತ್ತೆ ಹಾಕಿದರು. ಕಡೆಗೆ, "ವಹಿನಿ, ಭೇಳ್ ತರೂಣು ಬರ್ರಿ," ಎಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು.

ಭೇಳಿನ ಗಾಡಿಯ ಮುಂದೆ ನಾನು ನಗು ತಡೆಯಲಾರದೆ ಕೇಳಿಯೇಬಿಟ್ಟೆ. "ಭಾಳ ತ್ರಾಸ ಆಗ್ಲಿಕತ್ತದೇನ್ರಿ?"

"ಹಲ್ಲು ಕೀಳಿಸಿಕೊಂಡಂಗ ಆಗ್ಲಿಕತ್ತದ," ಅಂದರು. ಆಮೇಲೆ ನಗು ಬಿಟ್ಟು ಹೇಳಿದರು. "ನನ್ನ ಹೆಂಡತಿಗೆ ಈ ಊರಿಂದು ಒಂದು ಕಲ್ಲೂ ಬಿಡದಂಗ ಹೇಳಿದ್ದೆ. ಆಕಿ ಹೂಂ ಅಂತಿದ್ಲು. ಹೋದ ಮ್ಯಾಲೆ ಕೂತು ವಿಚಾರ ಮಾಡಿದೆ. ಆಕಿಗೆ ಏನು ನೋಡೂದು ಸೇರ್ತಿತ್ತು ಅಂತ ನನಗ ಗೊತ್ತ ಇಲ್ಲ. ಕೇಳಿದ್ದ ಇಲ್ಲ."

ನಾನು ಭೇಳಿನವನಿಗೆ ಖಾರ ಹೆಚ್ಚು ಹಾಕಲು ಹೇಳಿದೆ.

ಮುಂದಿನ ರವಿವಾರ ಉರಿಬಿಸಿಲಿನಲ್ಲಿ ಪಾತಾಳೇಶ್ವರದ ಗುಹೆಗೆ ಹೋದೆವು. ಒಳಗೆ ತಂಪು. ಕಂಬಕ್ಕೆ ಒರಗಿ ಮೂವರೂ ಕಾಲು ಚಾಚಿ ಕೂತೆವು. ಎಂಥ ಸುಖವೆಂದರೆ ನಾನು ಅಲ್ಲೇ ನಿದ್ದೆ ಮಾಡಿಬಿಟ್ಟೆ. ಎದ್ದಾಗ ಅವರಿಬ್ಬರೂ ಹೊರಗೆ ನಂದಿಯ ದುಂಡು ಮಂಟಪದ ನೆರಳಲ್ಲಿ ಕೂತು ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಹಚ್ಚಿಕೊಳ್ಳುತ್ತಿದ್ದರು. ಹುಳಿಗೆ ಮುಕುಂದರಾಯರು ಒಂದು ಕಣ್ಣು ಮುಚ್ಚಿದರೆ ಹೇಮಾಂಗಿ ಸಣ್ಣ ಹುಡುಗಿಯಂತೆ ನಗುತ್ತಿದ್ದಳು. ಮತ್ತೊಂದು ಸಂಜೆ ವಿಶ್ರಾಮಬಾಗವಾಡೆಯ ಎದುರಿನ ಫುಟ್‌ಪಾತಿನಲ್ಲಿ ನಿಂತು ದೀಪ ಹತ್ತುವವರೆಗೆ ಆ ಕಟ್ಟಿಗೆಯ ಬಾಲ್ಕನಿ ನೋಡಿದೆವು. ಜನ ನಮ್ಮನ್ನು ಬೈದುಕೊಂಡು ದಾಟಿ ಹೋದರು. ಅಲ್ಲಿಂದ ಮಸ್ತಾನಿ ಕುಡಿಯಲು ಹೋದೆವು. ಅಷ್ಟೆತ್ತರದ ಗ್ಲಾಸು, ಮೇಲೆ ಐಸ್‌ಕ್ರೀಮು. ಪೇಶವೆಯ ಪ್ರೇಯಸಿಯ ಆ ಹೆಸರು ಹಾಲಿನ ಗ್ಲಾಸಿಗೆ ಎಲ್ಲಿಂದ ಬಂತು ಎಂಬುದನ್ನೂ ಮುಕುಂದರಾಯರು ನುಂಗಿಕೊಂಡರು. ಪಾಪ, ಅದು ಮಸ್ತಾನಿಗಿಂತ ದೊಡ್ಡ ಗುಟುಕು.

ಹೇಮಾಂಗಿ ಶನಿವಾರವೇ ಸೀರೆಗೆ ಇಸ್ತ್ರಿ ಮಾಡತೊಡಗಿದಳು. ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳು. ನನಗೆ ಎಷ್ಟು ಆನಂದವಾಯಿತೆಂದರೆ ಬಾಯಿಗೆ ಬೀಗ ಹಾಕಿಕೊಳ್ಳುವ ಸರದಿ ಈಗ ನನ್ನದಾಯಿತು. ಒಂದು ಮಾತು ಹೆಚ್ಚು ಆಡಿದರೂ ಅವಳು ಚಿಪ್ಪಿನೊಳಗೆ ಹೋಗುತ್ತಾಳೆಂದು ಹೆದರಿಕೆ.

"ಪರ್ವತಿ ಬೆಟ್ಟಕ್ಕ ಹೋಗಿ ಬಂದ ಮ್ಯಾಲೆ ಹೂಂನೋ ಊಹೂಂನೋ ಹೇಳ್ತೀನಿ," ಅಂದಳು ಒಂದು ದಿನ ಊಟಕ್ಕೆ ಕೂತಾಗ.

ಆಗಲೇ ನನ್ನ ಗಂಡ ಪ್ರಭಾಕರ ತಟ್ಟೆಯಿಂದ ತಲೆ ಎತ್ತಿ, "ಪರ್ವತಿಗೆ ನಾನೂ ಬರ್ತೀನಿ," ಎಂದು ಬಾಂಬು ಹಾಕಿದರು.

ಹೇಮಾಂಗಿಯ ಕೈಯ ತುತ್ತು ಅಲ್ಲೇ ನಿಂತಿತು. ನನ್ನ ಗಂಡ ಒಳ್ಳೆಯವರೇ, ಆದರೆ ಅಪ್ಪನ ಮಗ. ಇವರು ಮೊಸರು ತರಲು ಹೋದರೂ ದಾರಿಯಲ್ಲಿ ಯಾರಿಗಾದರೂ ಪೇಶವೆಯರ ಮಂತ್ರಿ ನಾನಾ ಫಡಣವೀಸನ ಕಥೆ ಹೇಳಿಯೇ ಬರುವವರು. ತಂಗಿಯ ನಿರ್ಧಾರದ ದಿನ ಅಣ್ಣ ಇರಬೇಡವೇ ಎಂಬುದು ಅವರ ವಾದ. ಬೆಟ್ಟದ ಮೇಲೆ ಬಾಯಿ ಬಿಡುವುದಿಲ್ಲವೆಂದು ರಾತ್ರಿ ಅವರಿಂದ ದೇವರ ಮೇಲೆ ಆಣೆ ಹಾಕಿಸಿಕೊಂಡೆ.

ರವಿವಾರ ಬಿಸಿಲು ಇಳಿದ ಮೇಲೆ ಬೆಟ್ಟ ಹತ್ತಿದೆವು. ಆನೆಯೂ ಹತ್ತಬಹುದಾದ ಅಗಲವಾದ ಮೆಟ್ಟಿಲುಗಳು. ಹತ್ತುವಾಗ ಪ್ರಭಾಕರರಿಗೆ ಏದುಸಿರು, ಹಾಗಾಗಿ ಮಾತಿಲ್ಲ. ಪುಣ್ಯ ಅಂದುಕೊಂಡೆ. ಮೇಲೆ ಗಾಳಿ ಹಿತವಾಗಿತ್ತು. ದೇವರಿಗೆ ಕೈ ಮುಗಿದು, ಊರು ಕಾಣುವ ಕಟ್ಟೆಯ ಮೇಲೆ ನಾಲ್ವರೂ ಸಾಲಾಗಿ ಕೂತೆವು. ನಾನು ಪೇರಲಹಣ್ಣು ಹೋಳು ಮಾಡಿ ಉಪ್ಪುಖಾರ ಹಚ್ಚಿ ಹಂಚಿದೆ. ಕೆಳಗೆ ಒಂದೊಂದೇ ಓಣಿಯಲ್ಲಿ ದೀಪ ಹತ್ತುತ್ತಿತ್ತು.

ಅಷ್ಟರಲ್ಲಿ ನಾಂದೇಡದ ಕಡೆಯ ಒಂದು ಕುಟುಂಬ ನಮ್ಮ ಹತ್ತಿರ ಬಂತು. ಗಂಡ, ಹೆಂಡತಿ, ಹಸಿರು ನೌವಾರಿ ಸೀರೆ ಉಟ್ಟ ಒಬ್ಬ ಅಜ್ಜಿ. ಗಂಡ ನೇರವಾಗಿ ಮುಕುಂದರಾಯರನ್ನೇ ಕೇಳಿದ.

"ಕಾಕಾ, ನೀವು ಇಲ್ಲೀವ್ರ ಕಾಣಸ್ತೀರಿ. ಈ ಗುಡಿ ಯಾರು ಕಟ್ಟಿಸಿದ್ದು? ನಮ್ಮ ಆಯಿ ಕೇಳ್ಲಿಕತ್ತಾಳ."

ಮುಕುಂದರಾಯರು ಕೈಯಲ್ಲಿದ್ದ ಪೇರಲದ ಹೋಳನ್ನು ಕೆಳಗಿಟ್ಟರು. ಹೇಮಾಂಗಿ ಅವರನ್ನು ನೋಡುತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನನಗ ಗೊತ್ತಿಲ್ರಿ," ಅಂದರು ಮುಕುಂದರಾಯರು.

ಪುಣೆಯಲ್ಲಿ, ಪರ್ವತಿಯ ನೆತ್ತಿಯ ಮೇಲೆ, ಒಬ್ಬ ಪುಣೇಕರ ಗೊತ್ತಿಲ್ಲ ಅಂದ. ಆ ನಾಂದೇಡದವನೇ ಬೆಪ್ಪಾಗಿ ನಿಂತ. ಪ್ರಭಾಕರರು ಬಾಯಿ ತೆರೆಯುವಷ್ಟರಲ್ಲಿ ನಾನು ಅವರ ತೊಡೆ ಚಿವುಟಿದೆ.

"ನನಗ ಗೊತ್ತದ," ಅಂದಿತು ಒಂದು ದನಿ.

ಹೇಮಾಂಗಿ ಎದ್ದು ನಿಂತಿದ್ದಳು. ಅಜ್ಜಿಯ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. "ಆಯಿ, ಇದನ್ನ ಕಟ್ಟಿಸಿದಾವ ಬಾಜೀರಾಯ ಪೇಶವೆ," ಎಂದು ಶುರುಮಾಡಿದಳು. ದೇವರ ಬೆಳ್ಳಿ ಮೂರ್ತಿ, ಪೇಶವೆಯರು ಆನೆಯ ಮೇಲೆ ಕೂತು ಬರುತ್ತಿದ್ದದ್ದು, ಕಡೆಯ ಪೇಶವೆ ಇಲ್ಲಿಯ ಕಿಂಡಿಯಿಂದ ತನ್ನ ಸೈನ್ಯ ಸೋಲುವುದನ್ನು ನೋಡಿದನೆಂಬ ಮಾತು, ಎಲ್ಲ ಒಂದರ ಹಿಂದೆ ಒಂದು ಬಂದವು. ಅಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ! ಕೈ ಆಡಿಸುತ್ತಿದ್ದಳು, ಆನೆ ಹತ್ತುವುದನ್ನು ನಡೆದು ತೋರಿಸಿದಳು. ಅಜ್ಜಿ, "ಹೌದೇನವ್ವಾ! ಮುಂದ?" ಅನ್ನುತ್ತಿದ್ದಳು.

ಆದರೆ ಮೊದಲ ಮಾತೇ ತಪ್ಪಾಗಿತ್ತು. ಗುಡಿ ಕಟ್ಟಿಸಿದ್ದು ಬಾಜೀರಾಯನಲ್ಲ, ಅವನ ಮಗ ನಾನಾಸಾಹೇಬ. ನಮ್ಮ ಪೇಠೆಯಲ್ಲಿ ಇದು ಕೂಸಿಗೂ ಗೊತ್ತು. ನನ್ನ ಗಂಡ ಕಟ್ಟೆಯಿಂದ ಅರ್ಧ ಎದ್ದೇಬಿಟ್ಟಿದ್ದರು. ಕೈಯಲ್ಲಿದ್ದ ದೊಡ್ಡ ಪೇರಲದ ಹೋಳನ್ನು ಹಾಗೆಯೇ ಅವರ ಬಾಯಿಗೆ ತುರುಕಿದೆ. ಮುಕುಂದರಾಯರು ಮಾತ್ರ ಮೊಣಕಾಲ ಮೇಲೆ ಕೈಯೂರಿ, ಒಂದು ಅಕ್ಷರವೂ ತಪ್ಪಬಾರದೆಂಬಂತೆ ಕೇಳುತ್ತ ಕೂತಿದ್ದರು.

ನಾಂದೇಡದವರು ಕೈ ಮುಗಿದು ಮೆಟ್ಟಿಲ ಕಡೆ ಹೋದರು. ಹೇಮಾಂಗಿಯ ಮುಖ ಹೊಳೆಯುತ್ತಿತ್ತು. ಅಷ್ಟೊತ್ತಿಗೆ ನನ್ನ ಗಂಡನ ಬಾಯಿಯ ಹಣ್ಣು ಮುಗಿದಿತ್ತು.

"ತಪ್ಪು!" ಎಂದು ಕೂಗಿದರು. "ಬಾಜೀರಾಯ ಎಲ್ಲಿಂದ ಬಂದ? ನಾನಾಸಾಹೇಬ! ಅಪ್ಪ ಎಷ್ಟ ಸಲ ಹೇಳಿದ್ರು ನಿನಗ?"

ದನಿ ಥೇಟು ಮಾವನದು. ಹೇಮಾಂಗಿಯ ಮುಖ ಬಾಡಿತು. ಕೂತುಬಿಟ್ಟಳು. ಆ ಗಳಿಗೆಯಲ್ಲಿ ನನ್ನ ಗಂಡನನ್ನು ಬೆಟ್ಟದಿಂದ ಕೆಳಗೆ ನೂಕಿದರೆ ಕೋರ್ಟು ನನ್ನನ್ನು ಬಿಟ್ಟುಬಿಡುತ್ತಿತ್ತು ಎಂದು ಇವತ್ತಿಗೂ ನಂಬಿದ್ದೇನೆ.

ಆಮೇಲೆ ಅವಳು ಮುಕುಂದರಾಯರ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ತಪ್ಪು ಹೇಳಿದೆ ಅಂತ ಗೊತ್ತಿದ್ದೂ ಸುಮ್ನ ಕೂತ್ರಿ?"

"ನಾನಾಸಾಹೇಬ ಎಲ್ಲೂ ಓಡಿ ಹೋಗಾಂಗಿಲ್ರಿ, ನಾಳೆನೂ ಇರ್ತಾನ," ಅಂದರು. "ನೀವು ಹಿಂಗ ಮಾತಾಡೂದನ್ನ ನಾ ಇವತ್ತ ಮೊದಲ ಸಲ ನೋಡಿದೆ. ನಡುವ ಬಾಯಿ ಹಾಕಬೇಕು ಅನಿಸಲಿಲ್ಲ." ಮರುಕ್ಷಣವೇ, "ಇಲ್ಲ, ಸುಳ್ಳು ಯಾಕ ಹೇಳ್ಲಿ? ಅನಿಸಿತು. ಭಾಳ ಅನಿಸಿತು. ಆದ್ರ ನಿಮ್ಮ ಮಾತು ಮುಗಿಯೂತನಕ ಕೇಳಬೇಕು ಅನ್ನೂದು ಅದಕ್ಕಿಂತ ಹೆಚ್ಚು ಅನಿಸಿತು," ಅಂದರು.

ಹೇಮಾಂಗಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ತಂದುಕೊಂಡಳು. ಸೆರಗಿನಿಂದ ಒರೆಸಿಕೊಳ್ಳಹೋಗಿ ಕೈಗೆ ಹತ್ತಿದ್ದ ಉಪ್ಪುಖಾರ ತಾಗಿ, ಅಯ್ಯೋ ಅಮ್ಮಾ ಎಂದು ಇನ್ನಷ್ಟು ನೀರು ಸುರಿಸಿದಳು. ಮುಕುಂದರಾಯರು ಬಾಟಲಿಯ ನೀರನ್ನು ಅವಳ ಬೊಗಸೆಗೆ ಹಾಕಿದರು. ನಾನು ಕತ್ತು ತಿರುಗಿಸಿ ಊರಿನ ದೀಪ ನೋಡಿದೆ. ನನ್ನ ಕಣ್ಣಿಗೆ ಯಾವ ಖಾರವೂ ಬಿದ್ದಿರಲಿಲ್ಲ, ಆದರೂ ಮಂಜಾಗಿತ್ತು.

"ಇನ್ನ ಹೇಳ್ರಿ," ಅಂದಳು ಮುಖ ತೊಳೆದುಕೊಂಡು.

"ಏನು?"

"ಆವತ್ತ ಕಾರಂಜಿ ಮುಂದ ನಿಂತು ನುಂಗಿದ್ರಲ್ಲ, ಅದನ್ನ. ಆದ್ರ ನಾ ನಡುವ ಬಾಯಿ ಹಾಕಾಕಿ."

ಇದೇ ಅವಳ ಹೂಂ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನೀರು ಹರಿದೇ ಹರಿಯಿತು. ಕಾತ್ರಜದ ಕೆರೆ, ನೆಲದಡಿಯ ಕಾಲುವೆ, ಓಣಿ ಓಣಿಯ ನೀರಿನ ತೊಟ್ಟಿಗಳು, ಎಲ್ಲ ಮೆಟ್ಟಿಲುದ್ದಕ್ಕೂ ಬಂದವು. ಅವಳು ಪ್ರತಿ ಮಾತಿಗೂ ಅಡ್ಡ ಬರುತ್ತಿದ್ದಳು. ಅವರು ನಿಲ್ಲುತ್ತಿದ್ದರು, ಕೇಳುತ್ತಿದ್ದರು, ಮತ್ತೆ ಮುಂದುವರಿಸುತ್ತಿದ್ದರು. ನನ್ನ ಗಂಡ ಮಾತು ಸೇರಿಸಲು ನೋಡಿದಾಗೆಲ್ಲ ನಾನು ಅವರ ತೋಳು ಹಿಡಿದು ಎರಡು ಮೆಟ್ಟಿಲು ಹಿಂದೆ ಎಳೆಯುತ್ತಿದ್ದೆ.

ಕೆಳಗೆ ರಿಕ್ಷಾ ಕಾಯುತ್ತ ನಿಂತಾಗ ಮುಂದಿನ ರವಿವಾರ ಶಿಂದೆ ಛತ್ರಿ ಎಂಬ ಹಳೆಯ ಸ್ಮಾರಕಕ್ಕೆ ಹೋಗುವುದೆಂದು ತೀರ್ಮಾನವಾಯಿತು. ನಾನು ಹುರುಪಿನಿಂದ, "ಎಷ್ಟೊತ್ತಿಗೆ ತಯಾರಾಗಲಿ?" ಎಂದು ಕೇಳಿದೆ.

ಹೇಮಾಂಗಿ ನನ್ನ ಕೈ ಹಿಡಿದುಕೊಂಡಳು. "ವಹಿನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ನಾವು ಇಬ್ಬರ ಹೋಗ್ತೀವಿ."