ಅಂಗಳದಲ್ಲಿ ತಡೆದ ರಿಕ್ಷಾ

ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂಬ ಅನುಮಾನ ಕೆಲವು ದಿನಗಳಿಂದ ಇತ್ತು. ನಾನು ಒಳಗೆ ಕಾಲಿಟ್ಟರೆ ಹೆಂಡತಿ ಮೋಹಿನಿ ಫೋನು ಕೆಳಗಿಡುತ್ತಿದ್ದಳು. ಕೇಳಿದರೆ, "ಅಮ್ಮ. ಸುಮ್ಮನೆ ಮಾತಾಡಿದ್ದು." ಸುಮ್ಮನೆ ಮಾತಾಡುವುದಕ್ಕೆ ಬಾವಿಕಟ್ಟೆಯ ಹತ್ತಿರ ಹೋಗಬೇಕಾ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಕಣ್ಣು ಮುಚ್ಚಿದವನಲ್ಲ.

ಅವಳಿಗೆ ಏಳನೇ ತಿಂಗಳು. ನಮ್ಮಲ್ಲಿ ಏಳರಲ್ಲಿ ಬಯಕೆ ಮಾಡುತ್ತಾರೆ. ತಾಯಿ ಮನೆಯವರು ಬಂದು ಬಸುರಿಗೆ ಹೊಸ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಬಗೆಬಗೆ ಬಡಿಸಿ ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಮೊದಲ ಬಸುರಿನಲ್ಲೂ ಹಾಗೇ ಮಾಡಿದ್ದರು. ಚಾರ್ಮಾಡಿಯ ನಮ್ಮ ಮನೆಯಿಂದ ಮೂಡುಬಿದಿರೆಯ ತಾಯಿ ಮನೆಗೆ ಹೋದ ಮರುದಿನವೇ ನೋವು ಬಂತು. ಮಗು ಒಂದು ಹಿಡಿ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಒಂದು ವಾರ ಉಸಿರಾಡಿತು. ಅಷ್ಟೇ.

ಬಯಕೆಗೂ ನೋವಿಗೂ ಸಂಬಂಧ ಇಲ್ಲ ಎಂದು ಡಾಕ್ಟ್ರು ಹೇಳಿದ್ದರು. ನಾನು ನಂಬಲಿಲ್ಲ. ಈ ಸಲ ಬಯಕೆ ಇಲ್ಲ, ಪ್ರಯಾಣ ಇಲ್ಲ ಎಂದುಬಿಟ್ಟೆ. ಅತ್ತೆ ಸೇಸಮ್ಮ ಫೋನಿನಲ್ಲಿ ಅತ್ತರು. "ಬಯಕೆ ತೀರದಿದ್ರೆ ಮಗುವಿನ ಕಿವಿ ಸೋರ್ತದೆ ಮಗಾ."

"ಸೋರಲಿ. ಮೊದಲು ಕಿವಿ ಇರುವ ಮಗು ಬರಲಿ."

ಆ ದಿನ ತೋಟದಲ್ಲಿ ರಬ್ಬರ್ ಹಾಲನ್ನು ಬಕೆಟಿಗೆ ಬಸಿಯುತ್ತಿದ್ದೆ. ನೆರೆಮನೆಯ ಧರ್ಣಪ್ಪಣ್ಣ ದಾರಿಯಿಂದ ಕೂಗಿದರು. "ಎಂಥದಾ, ಮನೆಯಲ್ಲಿ ಗಮ್ಮತ್ತು ಉಂಟಾ? ನಿನ್ನ ಅತ್ತೆ ಮಲ್ಲಿಗೆ ಹಿಡ್ಕೊಂಡು ರಿಕ್ಷಾದಿಂದ ಇಳಿದ್ರು. ನಮಗೆ ಹೇಳಿಕೆಯೇ ಇಲ್ಲ!"

ಬಕೆಟನ್ನು ಅಲ್ಲೇ ಬಿಟ್ಟು ಓಡಿದೆ.

ಅಂಗಳದಲ್ಲಿ ಹಾಜಬ್ಬರ ರಿಕ್ಷಾ. ಮೋಹಿನಿ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಒಳಗೆ ಕೂತಿದ್ದಾಳೆ. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ತುಂಬಿದ ಬ್ಯಾಗು. ನಾನು ರಿಕ್ಷಾದ ಎದುರು ಅಡ್ಡ ನಿಂತೆ.

"ಇಳಿ."

"ಆಸ್ಪತ್ರೆಗೆ ಮಾರಾಯ, ಬೆಳ್ತಂಗಡಿಗೆ," ಎಂದರು ಹಾಜಬ್ಬ. "ಸೈಡ್ ಕೊಡು."

"ಆಸ್ಪತ್ರೆಗೆ ಮಲ್ಲಿಗೆ ಮುಡಿದು ಹೋಗ್ತಾರಾ? ನನ್ನನ್ನು ಮಂಗ ಮಾಡ್ಬೇಡಿ. ಮೂಡಬಿದ್ರೆಗೆ ಎಷ್ಟು ಬಾಡಿಗೆ ಹೇಳಿದ್ದೀರಿ?"

"ನಿನ್ನ ಮಂಡೆ ಸಮ ಉಂಟಾ?"

ಅತ್ತೆ ತಲೆ ತಗ್ಗಿಸಿದರು. "ನಾಲ್ಕು ದಿನದಿಂದ ಆಗೊಮ್ಮೆ ಈಗೊಮ್ಮೆ ಹೊಟ್ಟೆ ಬಿಗೀತಾ ಇತ್ತಂತೆ. ಬೆಳಗಿನಿಂದ ಜಾಸ್ತಿ ಆಗಿದೆ ಅಂತ ಫೋನು ಮಾಡಿದಳು, ಸಿಕ್ಕಿದ ಬಸ್ಸಿಗೆ ಬಂದೆ. ಹೊರಡುವಾಗ ಒಂದು ತುಂಡು ಹೋಳಿಗೆ ಬಾಯಿಗಿಟ್ಟು ಹೂ ಮುಡಿಸಿದೆ. ಅವಳ ಬಯಕೆ ಹಾಗೇ ಉಳೀಬಾರ್ದಲ್ಲಾ ಮಗಾ."

ಸುಳ್ಳು. ಚೆಂದ ಮಾಡಿ ಕಟ್ಟಿದ ಸುಳ್ಳು. ಕೈ ಹಾಕಿ ರಿಕ್ಷಾದ ಕೀ ಎಳೆದುಕೊಂಡೆ.

ಮೋಹಿನಿ ನನ್ನ ಇನ್ನೊಂದು ಕೈ ಹಿಡಿದೆಳೆದು ಹೊಟ್ಟೆಯ ಮೇಲೆ ಒತ್ತಿದಳು. ಕಲ್ಲು. ಬಟ್ಟೆಯ ಕೆಳಗೆ ಅಷ್ಟು ದೊಡ್ಡ ಕಲ್ಲು ನಿಧಾನಕ್ಕೆ ಸಡಿಲವಾಗುವುದು ನನ್ನ ಅಂಗೈಗೆ ತಿಳಿಯಿತು. ಅವಳ ಹಣೆ ಬೆವೆತಿತ್ತು. ಯಾರಾದರೂ ಹೇಳಿಕೊಟ್ಟು ನಟಿಸುವಂಥದ್ದಲ್ಲ ಅದು.

ಕೀ ಕೊಟ್ಟೆ. ಹಾಜಬ್ಬರ ಪಕ್ಕದಲ್ಲಿ ಅರ್ಧ ಕುಂಡೆ ಊರಿ ಕೂತೆ. ಉಜಿರೆ ದಾಟುವುದರೊಳಗೆ ಇನ್ನೆರಡು ಸಲ ಹೊಟ್ಟೆ ಬಿಗಿಯಿತು.

"ಊರಿಗೆಲ್ಲ ಗೊತ್ತು, ನನಗೆ ಮಾತ್ರ ಯಾಕೆ ಹೇಳ್ಲಿಲ್ಲ?" ಎಂದು ಹಿಂದೆ ತಿರುಗಿ ಕೇಳಿದೆ.

"ಹೇಳಿದ್ರೆ ಮೊದಲು ಎಂಥ ಕೇಳ್ತಿದ್ರಿ? ಎಂಥ ತಿಂದೆ, ಯಾಕೆ ಬಗ್ಗಿದೆ, ನಿನ್ನ ಅಮ್ಮ ಎಂಥ ಕೊಟ್ರು. ಅಲ್ವಾ ಮಾರ್ರೆ?"

ನಾನು ಮುಂದೆ ನೋಡಿದೆ. ಅದನ್ನೇ ಕೇಳುವವನಿದ್ದೆ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಟ್ಟರು. ಅದು ಎಂಥದ್ದು, ಮೊದಲ ಸಲ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ನನ್ನ ದನಿಗೆ ಇಡೀ ವಾರ್ಡು ತಿರುಗಿತು. ಡಾಕ್ಟರಮ್ಮ ಮಾತ್ರ ಸಿಟ್ಟಾಗಲಿಲ್ಲ. "ಮಗುವಿನ ಶ್ವಾಸಕೋಶ ಗಟ್ಟಿಯಾಗಲಿಕ್ಕೆ. ಇದು ಕೆಲಸ ಮಾಡಲು ಸಮಯ ಬೇಕು. ಆ ಸಲ ಆಸ್ಪತ್ರೆಗೆ ಮುಟ್ಟುವಾಗ ಸಮಯ ಇರಲಿಲ್ಲ ಎಂದು ಹಳೆ ಚೀಟಿಯಲ್ಲಿ ಉಂಟು. ಇವತ್ತು ಉಂಟು. ಎಷ್ಟು ದಿನ ತಡೆದರೆ ಅಷ್ಟು ಒಳ್ಳೆಯದು."

ಸಂಜೆಗೆ ಬಿಗಿತ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಅತ್ತೆ ಗಂಜಿ ತರಲು ಕೆಳಗೆ ಹೋದರು. ಆಗ ಮೋಹಿನಿ ಮಗ್ಗುಲು ಬದಲಿಸಿದಳು, ನೋವಿಗೆ ಮುಖ ಕಿವುಚಿದಳು. ಅವಳ ಕಣ್ಣು ಮೊದಲು ಬಾಗಿಲಿಗೆ ಹೋಯಿತು, ಅಮ್ಮನನ್ನು ಹುಡುಕುತ್ತಾ. ಆಮೇಲೆ ನನ್ನ ಕಡೆಗೆ.

"ಬಂತು," ಎಂದಳು, ನನಗೆ.

ಯಾಕೆ ಮಗ್ಗುಲು ಬದಲಿಸಿದೆ ಎಂಬುದು ನಾಲಗೆಯ ತುದಿಗೆ ಬಂದೇ ಬಿಟ್ಟಿತ್ತು. ಕಚ್ಚಿ ಹಿಡಿದುಕೊಂಡು ನರ್ಸಮ್ಮನನ್ನು ಕರೆಯಲು ಓಡಿದೆ.