ಸ್ವಿಚ್ಚಿಲ್ಲದ ದೀಪ

ಮ್ಯಾಲಕಿ ಮಲ್ವೀ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಬರುವವನಿದ್ದ. ಅವನ ಜೊತೆಗೇ ಉಸಿರಿನ ಆಕ್ಸಿಜನ್ ಯಂತ್ರವೂ ಬರಬೇಕಿತ್ತು. ಮನೆಯ ವೈರಿಂಗ್ ಸರಿಯಿದೆಯೆಂದು ಎಲೆಕ್ಟ್ರಿಷಿಯನ್ ಆದ ನಾನು ಬರೆದುಕೊಟ್ಟರೆ ಮಾತ್ರ ಯಂತ್ರ ಹೂಡುವುದು, ಇಲ್ಲವಾದರೆ ಅವನನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಒಯ್ಯುವುದು ಎಂದು ನರ್ಸ್ ಕಡ್ಡಿ ಮುರಿದಂತೆ ಹೇಳಿಹೋಗಿದ್ದಳು. ಆ ವೃದ್ಧಾಶ್ರಮದ ಮೆಟ್ಟಿಲು ಹತ್ತಿದವರು ಇಳಿದು ಬಂದದ್ದನ್ನು ನಮ್ಮ ಕಡೆಯವರು ಯಾರೂ ಕಂಡಿಲ್ಲ. ಅದು ಅವನ ತಂಗಿ ಅಟ್ರಾಕ್ಟಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೋಮವಾರವೇ ಕೆಲಸ ಹಿಡಿದೆ. ಆ ಮನೆಗೆ ಮೊದಲು ವೈರು ಎಳೆದವನು ನನ್ನ ಅಪ್ಪ ಕಾಲ್ಮನ್. ಸಾವಿರದ ಒಂಬೈನೂರ ಐವತ್ತಾರರಲ್ಲಿ ಲೀಟ್ರಿಮ್ ಸೀಮೆಯ ಈ ಗುಡ್ಡಗಳಿಗೆ ಕರೆಂಟು ಬಂದಾಗ ಅಪ್ಪನಿಗಿನ್ನೂ ಮೀಸೆ ಬಲಿತಿರಲಿಲ್ಲ. ಅಂದು ಅವನು ಎಳೆದ ವೈರಿನ ರಬ್ಬರು ಇಂದು ಒಣಗಿದ ಬ್ರೆಡ್ಡಿನ ಹಾಗೆ, ಮುಟ್ಟಿದರೆ ಉದುರುತ್ತಿತ್ತು. ಪಿಂಗಾಣಿ ಫ್ಯೂಸುಗಳಲ್ಲಿ ಒಂದಕ್ಕೆ ಮ್ಯಾಲಕಿ ಬೇಲಿಯ ತಂತಿ ಸುತ್ತಿಟ್ಟಿದ್ದ.

ಮೇನ್ ಸ್ವಿಚ್ ಆಫ್ ಮಾಡಿ, ಗೋಡೆ ಕೊರೆದು, ಹಳೆಯದನ್ನು ಕೀಳುತ್ತ ಹೋದೆ. ಅಟ್ರಾಕ್ಟಾ ಪಾತ್ರೆಗಳ ಮೇಲೆ, ಕುರ್ಚಿಗಳ ಮೇಲೆ, ಅಡುಗೆಮನೆಯ ಗೋಡೆಯಲ್ಲಿದ್ದ ಯೇಸುವಿನ ತಿರುಹೃದಯದ ಪಟದ ಮೇಲೆ ದೂಳು ಕೂರದಂತೆ ದಪ್ಪ ಹೊದಿಕೆಗಳನ್ನು ಹೊದಿಸಿದ್ದಳು. ಆಗಾಗ ಮುಚ್ಚಳವಿರುವ ಕಬ್ಬಿಣದ ಕಲ್ಲಿದ್ದಲ ಒಲೆಯಿಂದ ಚಹಾ ಇಳಿಸಿ ಕೊಟ್ಟು, ಎಲ್ಲಿಗೆ ಬಂತು ಕೆಲಸ ಎಂದು ಕೇಳುತ್ತಿದ್ದಳು. ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು.

ಬುಧವಾರ ಸಂಜೆ ಆರಕ್ಕೆ ಅವಳ ಬ್ಯಾಟರಿ ರೇಡಿಯೋದಲ್ಲಿ ಪ್ರಾರ್ಥನೆಯ ಗಂಟೆ ಬಾರಿಸಿತು. ಅವಳು ಪಟದ ಹೊದಿಕೆ ಎತ್ತಿ ಶಿಲುಬೆಯ ಗುರುತು ಹಾಕಿಕೊಂಡಳು. ಪಟದ ಕೆಳಗಿನ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಏಣಿಯ ಮೇಲೆ ನಿಂತು ಮಾಡಿನ ಹಲಗೆಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದ್ದ ನಾನು ಮೆಲ್ಲಗೆ ಕೈ ಹೊರಗೆಳೆದುಕೊಂಡೆ.

"ಇದು ಉರೀತಿದೆ," ಎಂದೆ.

"ಉರೀದೆ ಇನ್ನೇನು ಮಾಡುತ್ತೆ? ಅರವತ್ತೇಳು ವರ್ಷದಿಂದ ಉರೀತಾನೇ ಇದೆ."

"ಮೂರು ದಿನದಿಂದ ಮೇನ್ ಸ್ವಿಚ್ ಆಫ್ ಮಾಡ್ಕೊಂಡು ಕೆಲಸ ಮಾಡ್ತಿದೀನಿ, ಅಟ್ರಾಕ್ಟಾ."

"ಅದಕ್ಕೆ ನಿಮ್ಮಪ್ಪನ್ನ ಕೇಳ್ಕೋ. ನಮ್ಮಮ್ಮ ಅವನಿಗೆ ಒಂದು ಇಡೀ ಸೇಬಿನ ಕಡುಬು ತಿನ್ನಿಸಿ ಹಾಗೆ ಮಾಡಿಸ್ಕೊಂಡಿದ್ಲು."

ಅಪ್ಪ ಮಣ್ಣು ಸೇರಿ ಹನ್ನೊಂದು ವರ್ಷವಾಗಿತ್ತು, ಕೇಳುವಂತಿರಲಿಲ್ಲ. ಆ ಕಾಲದಲ್ಲಿ ಯಾವ ಮನೆಯಲ್ಲೂ ಈ ದೀಪಕ್ಕೆ ಸ್ವಿಚ್ ಇಡುತ್ತಿರಲಿಲ್ಲ. ದೇವರ ದೀಪ ಆರಿಸುವವರು ಯಾರು? ಆದರೂ ಮೇನ್ ಸ್ವಿಚ್ ಇಳಿಸಿದರೆ ಮನೆಯ ಜೊತೆ ಅದೂ ಆರಬೇಕಿತ್ತು. ಇಲ್ಲಿ ಅಪ್ಪ ಮೇನ್ ಸ್ವಿಚ್ಚಿಗಿಂತ ಹಿಂದಿನಿಂದಲೇ, ಒಂದು ಫ್ಯೂಸೂ ಇಲ್ಲದೆ, ವೈರು ಕದ್ದು ತಂದಿದ್ದ. ಅದು ಗೋಡೆ ಹತ್ತಿ, ಮ್ಯಾಲಕಿಯ ಹಾಸಿಗೆ ಹಾಕಿದ್ದ ಕೋಣೆಯ ಮಾಡಿನ ಮೇಲೆ ಹಾದು, ಪಟದ ಹಿಂದೆ ಇಳಿದಿತ್ತು. ಅದನ್ನು ಸಾಯಿಸಬೇಕಾದರೆ ಹೊರಗಿನ ಕಂಬದಲ್ಲೇ ಕರೆಂಟು ತೆಗೆಯಬೇಕು. ಅದು ಕಂಪನಿಯವರ ಕೆಲಸ. ಫೋನು ಮಾಡಿದೆ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬರುತ್ತೇವೆಂದರು.

ಅಟ್ರಾಕ್ಟಾ ಒಪ್ಪಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಒಮ್ಮೆ ಬಲ್ಬು ಸುಟ್ಟು ದೀಪ ಆರಿತ್ತಂತೆ, ಯಾರೂ ಗಮನಿಸಿರಲಿಲ್ಲ. ಅದೇ ದಿನ ಮ್ಯಾಲಕಿ ಹುಲ್ಲಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ, ಇವತ್ತಿಗೂ ಕುಂಟುತ್ತಾನೆ.

"ಅವನು ಹೊಸಿಲು ದಾಟಿ ಒಳಗೆ ಬರಲಿ, ಫೀಲಿಮ್. ಆಮೇಲೆ ಏನು ಬೇಕಾದ್ರೂ ಕಿತ್ಕೋ."

ಆದರೆ ಅದನ್ನು ಕೀಳದೆ ನಾನು ಸಹಿ ಹಾಕುವಂತಿರಲಿಲ್ಲ, ಸಹಿಯಿಲ್ಲದೆ ಅವನು ಮನೆಯಲ್ಲಿ ಉಳಿಯುವಂತಿರಲಿಲ್ಲ. ಇದನ್ನು ಎರಡು ಸಲ ಹೇಳಿದೆ. ಅವಳು ಒಲೆಯ ಬೂದಿ ಕೆದಕುತ್ತ ಕೂತಳು.

ಗುರುವಾರ ಉಳಿದದ್ದೆಲ್ಲ ಮುಗಿಸಿದೆ. ಮುಗಿದ ಮೇಲೂ ಕೂರಲಾಗಲಿಲ್ಲ. ಬಿಗಿದ ಸ್ಕ್ರೂಗಳನ್ನೇ ಮತ್ತೆ ಬಿಗಿದೆ. ತಲೆ ಎತ್ತಿದಾಗಲೆಲ್ಲ ಆ ಮಾಡಿನ ಹಲಗೆಗಳೇ ಕಣ್ಣಿಗೆ ಬೀಳುತ್ತಿದ್ದವು. ಅಟ್ರಾಕ್ಟಾ ಹಾಸಿದ ಹಾಸಿಗೆಯನ್ನೇ ಮೂರು ಬಾರಿ ಹಾಸಿದಳು. ಕೊನೆಗೆ ಕೊಟ್ಟಿಗೆಗೆ ಹೋಗಿ, ಕರೆಂಟು ಬರುವ ಮುಂಚೆ ಪಟದ ಮುಂದೆ ಇರುತ್ತಿದ್ದ ಕೆಂಪು ಗಾಜಿನ ಎಣ್ಣೆದೀಪ ಹುಡುಕಿ ತಂದಳು. ಇದು ಉರಿಯುತ್ತಿರುವಾಗ ಅದನ್ನು ಕೀಳಬಹುದು ಎಂದಳು. ಆಕ್ಸಿಜನ್ ಬರುವ ಮನೆಯಲ್ಲಿ ಮುಚ್ಚಿದ ಒಲೆಯೊಂದನ್ನು ಬಿಟ್ಟು ತೆರೆದ ಉರಿ ಯಾವುದೂ, ಮೋಂಬತ್ತಿಯೂ ಇರಕೂಡದೆಂದು ನರ್ಸ್ ಹೇಳಿದ್ದನ್ನು ನೆನಪಿಸಿದೆ. ಅಷ್ಟರಲ್ಲಿ ನೀನು ಹೊಸ ದೀಪ ಹೊತ್ತಿಸಿರುತ್ತೀಯಲ್ಲ ಎಂದಳು. ಹತ್ತಕ್ಕೆ ಕಂಬದವರು ಬಂದರೆ ಹನ್ನೆರಡರೊಳಗೆ ಆದೀತೆಂದು ನಾನೂ ಲೆಕ್ಕ ಹಾಕಿದೆ.

ಕಂಬದವರು ಹತ್ತಕ್ಕೆ ಬರಲಿಲ್ಲ. ದಾರಿಗೆ ಅಡ್ಡ ಮರ ಬಿದ್ದಿತ್ತೆಂದು ಹನ್ನೊಂದೂಕಾಲಿಗೆ ಬಂದರು. ಅಟ್ರಾಕ್ಟಾ ಎಣ್ಣೆದೀಪ ಹಚ್ಚಿದ ಮೇಲೆ ನಾನು ಬಾಗಿಲಿಂದ ಕೈ ಬೀಸಿದೆ. ಪಟದ ಕೆಳಗಿನ ಬಲ್ಬು ಆರಿತು. ವೈರನ್ನು ಎಳೆದೆ. ಅರ್ಧ ಬಂತು, ಉಳಿದದ್ದು ಹಿಡಿದುಕೊಂಡಿತು. ಮಂಚದ ತಲೆದಿಂಬಿನ ನೇರಕ್ಕೆ ಮಾಡಿನ ಹಲಗೆ ಬಿಚ್ಚಬೇಕಾಯಿತು. ಹಲಗೆಯ ಮೇಲ್ಬದಿಯಲ್ಲಿ, ವೈರು ತಗಲಿದ್ದ ಕಡೆ, ಅಂಗೈಯಗಲ ಸುಟ್ಟು ಇದ್ದಿಲಾಗಿತ್ತು.

ಅದನ್ನು ತಂದು ಅವಳ ಕೈಗೆ ಕೊಟ್ಟೆ. ಅವಳು ಆ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

ಅಷ್ಟರಲ್ಲೇ ಆಂಬುಲೆನ್ಸು ಓಣಿಗೆ ತಿರುಗಿತು. ಹನ್ನೆರಡಕ್ಕಿನ್ನೂ ಹತ್ತು ನಿಮಿಷವಿತ್ತು. ಗಾಲಿಕುರ್ಚಿಯಲ್ಲಿ ಕೂತ ಮ್ಯಾಲಕಿಯ ಮೂಗಿಗೆ ನಳಿಕೆ ಇತ್ತು, ತೊಡೆಯ ಮೇಲೆ ಪುಟ್ಟ ಸಿಲಿಂಡರು. ಕುರ್ಚಿ ತಳ್ಳುತ್ತಿದ್ದವನು ಬಾಗಿಲಲ್ಲಿ ಉರಿ ಕಂಡು ಅಲ್ಲೇ ನಿಂತ. ಅದು ಆರುವ ತನಕ ಒಳಗೆ ತರುವುದಿಲ್ಲ ಎಂದ. ಹೊಸ ದೀಪಕ್ಕೆ ಇನ್ನೂ ಮುಕ್ಕಾಲು ಗಂಟೆ ಬೇಕೆಂದು ನಾನು ಅಟ್ರಾಕ್ಟಾಳಿಗೆ ಹೇಳಿದೆ. ಹನಿ ಹನಿ ಮಳೆ ಬೀಳುತ್ತಿತ್ತು.

ಅವಳು ಅಲುಗಾಡಲಿಲ್ಲ. ಒಂದು ಕೈಯಲ್ಲಿ ಹಲಗೆ, ಎದುರಿಗೆ ದೀಪ.

"ಏನೇ ಅದು?" ಎಂದ ಮ್ಯಾಲಕಿ, ಉಸಿರು ಹಿಡಿದು ಹಿಡಿದು. "ನಾನೇನು ಅಂಚೆಯವನಾ, ಬಾಗಿಲಲ್ಲೇ ನಿಲ್ಲಿಸ್ಕೊಂಡು ಮಾತಾಡ್ಸಿ ಕಳಿಸೋಕೆ?"

ಅಟ್ರಾಕ್ಟಾ ಬಗ್ಗಿ ಊದಿದಳು. ಮೊದಲ ಸಲಕ್ಕೆ ಉರಿ ಬಾಗಿತು, ಆರಲಿಲ್ಲ. ಎರಡನೆಯ ಸಲಕ್ಕೆ ಆರಿತು. ಅಡುಗೆಮನೆಯಲ್ಲಿ ಎಣ್ಣೆಯ ಹೊಗೆ ವಾಸನೆ ಹರಡಿತು. ಕೆಂಪಿಲ್ಲದ ಪಟ ಬರೀ ಕಾಗದದ ಹಾಗೆ ಕಂಡಿತು. ಕುರ್ಚಿಯ ಗಾಲಿ ಹೊಸಿಲು ಹತ್ತಿ ಇಳಿಯುವವರೆಗೆ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

ಒಂದು ಗಂಟೆಯ ಹೊತ್ತಿಗೆ ಕಂಬದಿಂದ ಕರೆಂಟು ಬಂತು. ಎಲ್ಲವನ್ನೂ ಅಳೆದು ನೋಡಿ ಸಹಿ ಹಾಕಿದೆ. ಯಂತ್ರ ಗೂಡಿನ ಜೇನಿನಂತೆ ಗುಂಯ್‌ಗುಟ್ಟತೊಡಗಿತು. ಪಟದ ಕೆಳಗೆ ಹೊಸ ಕೆಂಪು ಬಲ್ಬು ಹೊತ್ತಿತು. ಮ್ಯಾಲಕಿ ತೆರೆದ ಬಾಗಿಲಿನೊಳಗಿಂದ ಅದನ್ನೇ ನೋಡುತ್ತ ಮಲಗಿದ್ದ.

"ಫೀಲಿಮ್, ಅದಕ್ಕೊಂದು ಸ್ವಿಚ್ ಹಾಕ್ತೀಯಾ? ಚಿಕ್ಕಂದಿನಿಂದ ಕಣ್ಣಿಗೆ ಹೊಡೀತಿದೆ, ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿಲ್ಲ."

"ಅದು ಆರಿದ್ದಕ್ಕೇ ನೀನು ಹುಲ್ಲಟ್ಟದಿಂದ ಬಿದ್ದಿದ್ದು," ಎಂದಳು ಅಟ್ರಾಕ್ಟಾ.

"ಏಣಿ ಲಡ್ಡಾಗಿತ್ತು ಕಣೇ. ನಾನು ಎಷ್ಟು ಸಲ ಹೇಳಿದೀನಿ."

ಅವಳು ಸುಟ್ಟ ಹಲಗೆಯನ್ನು ಒಲೆಗೆ ತುರುಕಿ, ಮುಚ್ಚಳ ಹಾಕಿ ಕೈ ಒರೆಸಿಕೊಂಡಳು.

"ಹಾಕು," ಎಂದಳು ನನಗೆ. "ಅವನ ಕೈಗೆ ಸಿಗದ ಕಡೆ ಹಾಕು."

ಅವಳ ಕೋಣೆಯ ಬಾಗಿಲ ಪಕ್ಕ, ಅವಳ ಭುಜದೆತ್ತರಕ್ಕೆ ಹಾಕಿದೆ. ಒತ್ತಿ ನೋಡಿ ಎಂದೆ. ಒತ್ತಿದಳು, ಆರಿತು. ಅಣ್ಣನ ಕಡೆ ತಿರುಗಿ ನೋಡಿದಳು. ಅವನು ಉಸಿರಾಡುತ್ತಿದ್ದ. ಅವಳು ಮತ್ತೆ ಒತ್ತಿದಳು.