ಶುಕ್ರವಾರದ ಪತ್ರ

ಇಂಗ್ಲೆಂಡಿನ ಅರ್ಧ ಜನಕ್ಕೆ ಇಂಗ್ಲಿಷ್ ಕಲಿಸಿದವನು ನಾನು. ಉಳಿದರ್ಧ ಜನ ಅಡ್ಮಿಶನ್ನಿಗೆ ಕಾಯುತ್ತಿದ್ದಾರೆ. ಅವರ ಸಾಲು ಗೋರೆಗಾಂವ್ ಸ್ಟೇಷನ್ನಿನಲ್ಲಿ ಶುರುವಾಗಿ ಸಮುದ್ರ ದಾಟಿ ಹೋಗಿದೆ. ಇದನ್ನೇ ನಾನು ಗುರುಬಾಯಿಗೆ ಹೇಳುತ್ತಿದ್ದೆ. ಅವಳು ನಗಲಿಲ್ಲ. ನನ್ನ ಮೇಜಿನೆದುರು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ತೊಡೆಯ ಮೇಲಿನ ಚರ್ಮದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅದಿರ್ಲಿ ಮಾಸ್ತರ್ರ. ನನ್ನ ಮಗಳು ವೈಶಾಲಿನ್ನ ಕಾಲೇಜಿಂದ ಯಾಕ ಹೊರಗ ಹಾಕಿದ್ರು, ಅದನ್ನ ಹೇಳ್ರಿ. ಮನಿಗೆ ಬಂದು ನಾಕ ದಿನಾ ಆತು. ಗ್ವಾಡಿಗೆ ಮಾರಿ ಮಾಡಿ ಮಲ್ಕೊಂಡಾಳ. ಮಾತಿಲ್ಲ, ಕತಿ ಇಲ್ಲ."

"ಹೊಟ್ಟೆಕಿಚ್ಚು, ಗುರುಬಾಯಮ್ಮ! ಧಾರಾವಿ ಹುಡುಗಿ ಅಂಥಾ ಇಂಗ್ಲಿಷ್ ಬರೆದರೆ ಅವರಿಗೆ ತಡೆದುಕೊಳ್ಳೋಕಾಗುತ್ತಾ?"

ನಾನು ಸಾಮಾನ್ಯನಲ್ಲ. ಈ ಇಂಗ್ಲಿಷ್ ಕ್ಲಾಸ್ ತೆರೆಯುವ ಮೊದಲು ಇಪ್ಪತ್ತು ವರ್ಷ ಕೋರ್ಟಿನ ಹೊರಗೆ ಆಲದ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದವನು. ನನ್ನ ಒಂದು ಅರ್ಜಿ ಓದಿ ಜಡ್ಜ್ ಸಾಹೇಬರು ಅತ್ತು ಮೂರು ದಿನ ರಜೆ ಹಾಕಿದ್ದರು. 'ಮೈಸೂರು ನಂಜುಂಡ ಬರೆದದ್ದು' ಅಂದರೆ ಕಾರಕೂನರು ಎದ್ದು ನಿಲ್ಲುತ್ತಿದ್ದರು. ಆ ಕಸುಬಿಗೆ ಒಂದು ಕ್ರಮವಿದೆ. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬಾರದು. ಅವನು 'ನಲ್ಲಿಗೆ ನೀರು ಬರ್ತಿಲ್ಲ ಸಾಹೇಬ' ಅಂತಾನೆ; ನಾವು 'ಪರಮ ದಯಾಳುಗಳಾದ ತಮ್ಮ ಸನ್ನಿಧಾನದಲ್ಲಿ' ಅಂತ ಶುರು ಮಾಡಿ ಎರಡನೇ ಪುಟದಲ್ಲಿ ನಲ್ಲಿಗೆ ಬರುತ್ತೇವೆ. ಅವನು ಓದುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾನೆ. ಗುರುಬಾಯಿಯ ರೇಶನ್ ಕಾರ್ಡು, ಮಗಳ ಶಾಲೆಯ ಸರ್ಟಿಫಿಕೇಟು, ಎಲ್ಲಾ ನನ್ನ ಕೈಯಿಂದಲೇ ಹೋದವು.

ವೈಶಾಲಿಯ ಪ್ರಬಂಧವೂ ಹಾಗೇ ಹೋಯಿತು. ಅವಳು ಓದಲು ಹೋದ ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ಹೊರದೇಶದ ಮಕ್ಕಳಿಗೆ ಇಂಗ್ಲಿಷ್ ತಿದ್ದಿಕೊಡುವುದಕ್ಕೇ ಒಬ್ಬ ಮೇಡಂ ಇದ್ದರು. ಅವರು ಇವಳ ಮೊದಲ ಪ್ರತಿ ಓದಿ, ಚೆನ್ನಾಗಿದೆ, ಸಣ್ಣಪುಟ್ಟ ತಪ್ಪು ಸರಿಮಾಡಿ ಕೊಡು ಅಂದಿದ್ದರು. ಇವಳು ಅದನ್ನು ನನಗೆ ಕಳಿಸಿದಳು. "ಸರ್, ಸ್ಪೆಲ್ಲಿಂಗ್ ಒಂದ್ಸಲ ನೋಡ್ತೀರಾ? ಬಸ್, ಅಷ್ಟೇ."

ಓದಿದೆ. ಅಮ್ಮನ ಕೆಲಸದ ಬಗ್ಗೆ ಬರೆದಿದ್ದಳು. 'ನನ್ನ ಅಮ್ಮ ಚರ್ಮ ಕತ್ತರಿಸುತ್ತಾಳೆ. ಹದಿನೆಂಟು ವರ್ಷ ಕತ್ತರಿ ಹಿಡಿದು ಅವಳ ಹೆಬ್ಬೆರಳು ಸೊಟ್ಟಗಾಗಿದೆ. ಚೀಲ ಕೊಳ್ಳುವವರಿಗೆ ಅದು ಕಾಣುವುದಿಲ್ಲ.' ನನ್ನ ಶಿಷ್ಯೆ ಇಂಗ್ಲೆಂಡಿನಲ್ಲಿ ಕೂತು ಹೀಗೆ ಬರೆಯುವುದೇ? ಹೆಬ್ಬೆರಳನ್ನು ತೆಗೆದುಹಾಕಿದೆ. ಆ ಜಾಗದಲ್ಲಿ ನಾಗರಿಕತೆಯ ಉದಯ, ಗ್ರೀಕ್ ತತ್ವಜ್ಞಾನಿಗಳು, ಅರ್ಧ ಪುಟಕ್ಕೊಂದು ವಾಕ್ಯ. ನಾನು ವಾಪಸ್ ಕಳಿಸಿದಾಗ ಪ್ರಬಂಧ ಕೊಡುವುದಕ್ಕೆ ಒಂದೇ ಗಂಟೆ ಉಳಿದಿತ್ತು. ಸರ್ ನೋಡಿದ್ದಾರೆ ಅಂತ ಅವಳು ಓದದೆ ಕೊಟ್ಟುಬಿಟ್ಟಳು.

ಎರಡೂ ಪ್ರತಿಗಳನ್ನು ಯೂನಿವರ್ಸಿಟಿಯವರು ಪಕ್ಕಪಕ್ಕ ಇಟ್ಟು ನೋಡಿದರು. ಅವಳನ್ನು ಮೂವರ ಮುಂದೆ ಕೂರಿಸಿ ಕೇಳಿದರು: ನಿನ್ನದೇ ವಾಕ್ಯ, ಅರ್ಥ ಹೇಳು. ಅವಳಿಗೆ ಹೇಳಲಾಗಲಿಲ್ಲ. ಸೋಮವಾರ ಮಧ್ಯಾಹ್ನ ನನಗೆ ಅವಳ ಫೋನ್ ಬಂತು.

"ಸರ್, ಬದಲಾಯಿಸಿದ್ದು ನೀವು ಅಂತ ಎರಡು ಲೈನ್ ಬರೆದು ಕಳಿಸಿ, ಪ್ಲೀಸ್. ಫ್ರೈಡೇ ಒಳಗೆ. ಕಳಿಸಿದ್ರೆ ಎಸ್ಸೇ ಫಿರ್ ಸೇ ಬರೆಯೋಕೆ ಬಿಡ್ತಾರೆ. ನಹೀ ತೋ ವಾಪಸ್, ಮನೆಗೆ."

ಅಳುತ್ತಿರಲಿಲ್ಲ.

"ನೀವು ಅಕಿ ಪರವಾಗಿ ಅವರಿಗೆ ಏನರ ಬರದು ಕಳಿಸಿದ್ರೇನ್ರಿ?" ಗುರುಬಾಯಿ ಕೇಳಿದಳು.

"ಕಳಿಸದೇ ಇರ್ತೀನಾ? ಅವಳು ಕೇಳಿದ್ದು ಎರಡು ಲೈನ್, ನಾನು ಬರೆದದ್ದು ಹನ್ನೊಂದು ಪುಟ! ಓದುತ್ತಾ ಓದುತ್ತಾ ಅಲ್ಲಿನ ದೊಡ್ಡ ಪ್ರೊಫೆಸರ್ ಎರಡು ಸಲ ನೀರು ಕುಡಿದರಂತೆ. ಆದರೂ ಮೊಂಡುತನ. ಕಲ್ಲಿಗೆ ಬರೆದಿದ್ದರೆ ಕರಗುತ್ತಿತ್ತು."

ಅವಳ ಮುಖ ಅರಳಿತು. ಚೀಲಕ್ಕೆ ಕೈ ಹಾಕಿ ಪ್ಲಾಸ್ಟಿಕ್ ಕವರಿನ ಒಂದು ಕಟ್ಟು ತೆಗೆದಳು. ದಾರ ಬಿಚ್ಚಿ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ರೇಶನ್ ಕಾರ್ಡಿನ ಅರ್ಜಿ. ಶಾಲೆಯ ಅರ್ಜಿ. ಕರೆಂಟ್ ಮೀಟರಿನದು. ಎಲ್ಲವೂ ಝೆರಾಕ್ಸ್, ಮೂಲೆ ಸಹ ಮಡಿಸಿರಲಿಲ್ಲ.

"ಇವೆಲ್ಲಾ ನೀವ ಬರದವು. ಝೆರಾಕ್ಸ್ ಇಟ್ಕೊಳ್ಳದ ಯಾವ ಅರ್ಜಿನೂ ಕೊಡಬ್ಯಾಡ್ರಿ, ನಾನೂ ಕೊಡೂದಿಲ್ಲ ಅಂತ ಬೈದಿದ್ರಿ. ಅವತ್ತಿಂದ ಒಂದೂ ಬಿಟ್ಟಿಲ್ಲ ನೋಡ್ರಿ. ಆ ಹನ್ನೊಂದು ಪುಟದ ಝೆರಾಕ್ಸ್ ಒಂದು ಕೊಡ್ರಿ ಮಾಸ್ತರ್ರ. ಅಕಿ ಮುಂದ ಇಡ್ತೀನಿ. ಸರ್ ನನ್ನ ಪರವಾಗಿ ಬರದಿದ್ರು ಅಂತ ಗೊತ್ತಾದ್ರ ಎದ್ದು ಕುಂದ್ರತಾಳ."

ಅನುಮಾನದಿಂದ ಕೇಳಿದ್ದರೆ ಸುಲಭವಿತ್ತು. ಅನುಮಾನಕ್ಕೆ ಉತ್ತರ ಕೊಡುವುದು ನನ್ನ ಕಸುಬು. ಮೇಲಿನ ಡ್ರಾಯರ್ ಎಳೆದೆ. ಕೆಳಗಿನದನ್ನು ಎಳೆದೆ. ಕಪಾಟಿನ ಫೈಲುಗಳನ್ನು ಇಳಿಸಿ ಧೂಳು ಹೊಡೆದೆ. ಝೆರಾಕ್ಸ್ ಅಂಗಡಿಯವನನ್ನು ಬೈದೆ. ಅವಳು ಅವಸರ ಮಾಡಲಿಲ್ಲ. ಕೆಳಗೆ ಒಂದು ಲೋಕಲ್ ರೈಲು ಹೋಯಿತು, ಇನ್ನೊಂದು ಹೋಯಿತು.

"ಸಿಗಲಿಲ್ಲೇನ್ರಿ?"

"ಇಲ್ಲ."

"ಇನ್ನೊಮ್ಮೆ ನೋಡ್ರಿ. ನಾ ಕುಂತಿರ್ತೀನಿ."

"ಇಲ್ಲ ಗುರುಬಾಯಮ್ಮ. ಇದ್ದರೆ ತಾನೇ ಸಿಗೋದು? ನಾನು ಬರೆಯಲೇ ಇಲ್ಲ."

ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಹನ್ನೊಂದು ಪುಟವಲ್ಲ, ಎರಡು ಲೈನೂ ಬರೆಯಲಿಲ್ಲ. ಬರೆದರೆ ಹೊರಗೆ ತೂಗುವ ಕ್ಲಾಸಿನ ಬೋರ್ಡಿಗೆ ಕೆಟ್ಟ ಹೆಸರು, ಆಮೇಲೆ ಯಾರು ಬರುತ್ತಾರೆ ಅಂತ ಹೆದರಿದೆ. ಶುಕ್ರವಾರ ಅವಳು ಏಳು ಸಲ ಫೋನ್ ಮಾಡಿದಳು. ಫೋನನ್ನು ಬೋರಲು ಹಾಕಿ ಪಾಠ ಮಾಡಿದೆ. ಇಂಗ್ಲೆಂಡಿನ ಅರ್ಧ ಜನವೂ ಇಲ್ಲ. ಈ ಕ್ಲಾಸಿನಿಂದ ಅಲ್ಲಿಗೆ ಹೋದವಳು ಅವಳೊಬ್ಬಳೇ. ಅವಳ ಪ್ರಬಂಧಕ್ಕೆ ನಾನು ತುರುಕಿದ ಆ ವಾಕ್ಯಗಳು ಹಳೇ ಗೈಡ್ ಒಂದರವು. ಆ ಮೂವರು ನನ್ನನ್ನು ಕೂರಿಸಿ ಕೇಳಿದ್ದರೆ ನನಗೂ ಅರ್ಥ ಹೇಳಲಾಗುತ್ತಿರಲಿಲ್ಲ.

ಗುರುಬಾಯಿ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಕವರಿನೊಳಗೆ ಇಟ್ಟಳು. ದಾರ ಸುತ್ತಿ ಗಂಟು ಹಾಕತೊಡಗಿದಳು. ಬಲಗೈ ಹೆಬ್ಬೆರಳು ಬಾಗುತ್ತಿರಲಿಲ್ಲ. ದಾರ ಅದರ ಮೇಲಿಂದ ಜಾರಿತು. ಮತ್ತೆ ಸುತ್ತಿದಳು. ಮತ್ತೆ ಜಾರಿತು. ನಾನು ಕೈ ಚಾಚಿದೆ. ಅವಳು ಕಟ್ಟನ್ನು ತನ್ನತ್ತ ಎಳೆದುಕೊಂಡು ಮೂರನೇ ಸಲ ಸುತ್ತಿದಳು.